ಬಡಿಗೇರರ ಕೈ

ಮೌನೇಶ ಬಡಿಗೇರ ತೀರಿಕೊಂಡ ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಅವನ ಹೆಂಡತಿ ಪ್ರಮೀಳಾ ಮತ್ತೆ ಅವನ ಕೈ ಹಿಡಿದಳು.

ಹಿಡಿಯಬೇಕೆಂದು ಹೋಗಿದ್ದಲ್ಲ. ಹುಬ್ಬಳ್ಳಿಯ ಗದಗ ರಸ್ತೆಯ ಒಂದು ಒಳಓಣಿಯಲ್ಲಿ ಅವರ ಮನೆ, ಹಿತ್ತಲಲ್ಲಿ ತಗಡಿನ ಶೆಡ್ಡು. ಮೌನೇಶ ಲೋಹ ಕಡೆಯುತ್ತಿದ್ದ ಲೇತ್ ಇದ್ದದ್ದು ಅಲ್ಲಿ. ಮೂರು ವಾರ ಯಾರೂ ಮುಟ್ಟಿರಲಿಲ್ಲ, ತುಕ್ಕು ಹಿಡಿದೀತೆಂದು ಎಣ್ಣೆ ಒರೆಸಲು ಹೋಗಿದ್ದಳು. ಗೋಡೆಯ ಮೇಲಿನ ಬೂದುಬಣ್ಣದ ಪೆಟ್ಟಿಗೆಯಲ್ಲಿ ಹಸಿರು ದೀಪವೊಂದು ಮಿಣುಕುತ್ತಿತ್ತು. ಆರಿಸೋಣವೆಂದು ಅದರ ಕೆಳಗಿನ ಗುಂಡಿ ಒತ್ತಿದಳು. ದೀಪ ಆರಲಿಲ್ಲ. ಬದಲಿಗೆ, ಲೇತಿನ ಕೆತ್ತುವ ಟೂಲನ್ನು ಹಿಂದೆ ಮುಂದೆ ಸರಿಸುವ ಪುಟ್ಟ ಕೈಚಕ್ರ ತನ್ನಷ್ಟಕ್ಕೆ ತಾನೇ ತಿರುಗತೊಡಗಿತು.

ನಿಲ್ಲಿಸಲೆಂದು ಗಟ್ಟಿಯಾಗಿ ಹಿಡಿದಳು. ಅದು ನಿಲ್ಲಲಿಲ್ಲ, ಜಗ್ಗಾಡಲೂ ಇಲ್ಲ. ಅವಳ ಅಂಗೈಯನ್ನು ಕರೆದುಕೊಂಡು ಹೋಯಿತು. ಕಾಲು ಸುತ್ತು ಮುಂದೆ. ತುಸು ತಡೆದು, ಕೂದಲೆಳೆಯಷ್ಟು ಹಿಂದೆ. ಮತ್ತೆ ಮುಂದೆ. ಏನನ್ನೋ ಆಲಿಸಿ ಹೆಜ್ಜೆ ಇಡುವ ಮನುಷ್ಯನ ತಾಳ್ಮೆ ಅದರಲ್ಲಿತ್ತು. ಚಕ್ರ ನಿಂತಾಗ ಪ್ರಮೀಳಾ ಅಲ್ಲಿಯೇ ಸ್ಟೂಲಿನ ಮೇಲೆ ಕುಸಿದಳು. ಎಣ್ಣೆಬಟ್ಟೆ ಇನ್ನೂ ಎಡಗೈಯಲ್ಲೇ ಇತ್ತು.

ಆ ಪೆಟ್ಟಿಗೆ ಬಂದು ಎರಡು ವರ್ಷವಾಗಿತ್ತು. ಊರಿನ ಕಾರ್ಖಾನೆಗಳಲ್ಲೆಲ್ಲ ಗಣಕ ಹೇಳಿದಂತೆ ಕೆತ್ತುವ ಯಂತ್ರಗಳು ತುಂಬಿಕೊಂಡು, ಕೈಯಿಂದ ಲೇತ್ ನಡೆಸಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದರು. ಐಟಿಐಗಳಲ್ಲಿ ಕಲಿಸುವವರೂ ಇರಲಿಲ್ಲ. ಇಂಜಿನಿಯರಿಂಗ್ ಕಾಲೇಜೊಂದರ ಪ್ರೊಫೆಸರ್ ವೈಜಯಂತಿ ಗಲಗಲಿ ಎನ್ನುವವರು ಒಂದು ಉಪಾಯ ಹುಡುಕಿದರು. ಕೈಚಕ್ರದ ನಡುವೆ ಒಂದು ಬಳೆ ಕೂರಿಸುವುದು. ಹಿಡಿದವರ ಕೈ ಎಷ್ಟು ಒತ್ತಿತು, ಎಲ್ಲಿ ತಡೆಯಿತು, ಎಲ್ಲಿ ಸಡಿಲಿತು ಎಂಬುದನ್ನು ಆ ಬಳೆ ಸೆಕೆಂಡಿಗೆ ಸಾವಿರ ಸಲ ಅಳೆದು ಪೆಟ್ಟಿಗೆಗೆ ಕೊಡುತ್ತಿತ್ತು. ಮುಂದೆ ಬೇಕಾದಾಗ ಅದೇ ಬಳೆಯೊಳಗಿನ ಸಣ್ಣ ಮೋಟಾರು ಚಕ್ರವನ್ನು ಅದೇ ಒತ್ತಿನಲ್ಲಿ, ಅದೇ ತಡೆಯಲ್ಲಿ ತಿರುಗಿಸುತ್ತಿತ್ತು. ಕಲಿಯುವವನು ಸುಮ್ಮನೆ ಕೈಯಿಟ್ಟರಾಯಿತು, ಗುರುವಿನ ಕೈ ಅವನ ಕೈಯನ್ನು ನಡೆಸುತ್ತದೆ. ಕಾಲೇಜಿನವರು ಅದಕ್ಕೆ ಉದ್ದನೆಯ ಹೆಸರಿಟ್ಟಿದ್ದರು. ಜನ ಕೈಪೆಟ್ಟಿಗೆ ಎಂದರು.

ಗುರುಗಳನ್ನು ಹುಡುಕಿಕೊಂಡು ಪ್ರೊಫೆಸರ್ ಬಂದದ್ದು ಪುಟ್ಟ ಎಂಜಿನ್ ಬಳಗಕ್ಕೆ. ಐದು ಜನರ ಬಳಗ ಅದು. ಎಲ್ಲರ ಮನೆಯಲ್ಲೂ ಒಂದೊಂದು ಲೇತ್. ಭಾನುವಾರ ಬೆಳಿಗ್ಗೆ ಒಬ್ಬರ ಶೆಡ್ಡಿನಲ್ಲಿ ಸೇರಿ, ಟೂಲಿನ ಮೂತಿ ಎಷ್ಟು ಓರೆ ಮಸೆಯಬೇಕು, ಹಿತ್ತಾಳೆಗೆ ಎಣ್ಣೆ ಬೇಕೋ ಬೇಡವೋ, ಹಳೆಯ ಲೇತಿನ ಸ್ಕ್ರೂ ಸವೆದು ಸಡಿಲಾದರೆ ಏನು ಮಾಡಬೇಕು ಎಂದು ಊಟದ ಹೊತ್ತಿನವರೆಗೆ ವಾದಿಸುತ್ತಿದ್ದರು. ಐದೂ ಜನ ಸೇರಿ ಹಳೆಯ ಮೀಟರ್‌ಗೇಜ್ ಉಗಿ ಎಂಜಿನ್ನೊಂದನ್ನು ಎಂಟರಲ್ಲೊಂದು ಪಾಲಿನ ಅಳತೆಗೆ ಕಟ್ಟುತ್ತಿದ್ದರು. ಅದರ ಎರಡು ಸಿಲಿಂಡರುಗಳನ್ನು ಕೊರೆಯುವ ಕೆಲಸ ಮೌನೇಶನಿಗೆ ಬಂದದ್ದರಲ್ಲಿ ಯಾರಿಗೂ ತಕರಾರಿರಲಿಲ್ಲ. ರೈಲ್ವೆ ವರ್ಕ್‌ಶಾಪಿನ ಟೂಲ್‌ರೂಮಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದವನು ಅವನು. ಕೂದಲಿನ ದಪ್ಪವನ್ನು ಬೆರಳಿನಿಂದಲೇ ಹೇಳುತ್ತಾನೆ ಎಂಬುದು ಬಳಗದ ಮಾತು. ಐವರ ಲೇತಿಗೂ ಪೆಟ್ಟಿಗೆ ಕೂರಿಸಿದರೂ ಎಲ್ಲರಿಗೂ ಬೇಕಾದದ್ದು ಬಡಿಗೇರರ ಕೈ.

ಈಗ ಬಡಿಗೇರ ಇರಲಿಲ್ಲ, ಕೈ ಇತ್ತು. ಅವನು ಹೋದದ್ದು ಎದೆನೋವಿನಿಂದ, ಹಾಸಿಗೆಯ ಮೇಲೆ, ಒಂದು ಮಾತೂ ಆಡದೆ.

ಪ್ರಮೀಳಾಳ ದಿನಗಳು ಶೆಡ್ಡಿನ ಸುತ್ತ ಸುತ್ತತೊಡಗಿದವು. ಮನೆಯ ಮುಂದಿನ ಕೋಣೆಯಲ್ಲಿ ಅವಳು ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಮಧ್ಯಾಹ್ನ ಒಂದಕ್ಕೆ ಹೆಣ್ಣುಮಕ್ಕಳು ಹೊರಟರೆ ಇವಳು ಉಂಡ ತಟ್ಟೆ ತೊಳೆಯದೆ ಹಿತ್ತಲಿಗೆ ನಡೆಯುತ್ತಿದ್ದಳು. ಮೊದಲೆಲ್ಲ ಬರೀ ಚಕ್ರ ಹಿಡಿದು ಕೂರುತ್ತಿದ್ದಳು. ಆಮೇಲೆ, ಮೂವತ್ತಾರು ವರ್ಷ ನೋಡಿಯೇ ತಿಳಿದದ್ದನ್ನು ನೆನೆದು ಹಿತ್ತಾಳೆಯ ಒಂದು ತುಂಡನ್ನು, ಅದನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ಕಿಗೆ ಬಿಗಿದು ಲೇತ್ ಶುರುಮಾಡಿದಳು. ಕೈ ಅವಳನ್ನು ನಡೆಸಿತು. ಹೊಂಬಣ್ಣದ ಚೂರುಗಳು ಸಿಡಿದು ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡವು. ಎಲ್ಲಿ ಒತ್ತಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಎರಡು ತಿಂಗಳಲ್ಲಿ ಅವಳು ಎಂಜಿನ್ನಿನ ಬಲಗಡೆಯ ಪಿಸ್ಟನ್ ಕೆತ್ತಿದಳು. ಬಳಗದವರು ಮೈಕ್ರೋಮೀಟರ್ ಹಿಡಿದು ಅಳೆದು, ಒಬ್ಬರ ಮುಖ ಒಬ್ಬರು ನೋಡಿದರು.

ಕೈಯೊಡನೆ ಅವಳು ಮಾತಾಡತೊಡಗಿದ್ದಳು. ಹೇಳದೆ ಹೋದದ್ದಕ್ಕೆ ಬೈದಳು. ಮದುವೆಯಾದ ನಾಲ್ಕನೆಯ ವರ್ಷ ಹುಟ್ಟಿ ಹನ್ನೊಂದೇ ದಿನ ಇದ್ದ ಮಗುವಿನ ಹೆಸರನ್ನು, ಆಮೇಲೆ ಇಬ್ಬರೂ ಎತ್ತದ ಹೆಸರನ್ನು, ಒಂದು ದಿನ ಗಟ್ಟಿಯಾಗಿಯೇ ಹೇಳಿದಳು. ಚಕ್ರ ಆಗ ತಡೆದು, ಕೂದಲೆಳೆಯಷ್ಟು ಹಿಂದೆ ಸರಿಯಿತು. ಪ್ರತಿ ಸಲವೂ ಹಾಗೆಯೇ ಸರಿಯುತ್ತದೆಂದು ಗೊತ್ತಿದ್ದೂ ಅವಳು ಬಾಗಿ ಆ ತಣ್ಣಗಿನ ಉಕ್ಕಿಗೆ ಕೆನ್ನೆ ಇಟ್ಟಳು.

ಬಟ್ಟೆ ಕತ್ತರಿಸುವಾಗ ಅವಳ ಕೈ ಈಗ ನಡುವೆ ತಡೆದು ತುಸು ಹಿಂದೆ ಸರಿದು ಮುಂದೆ ಹೋಗುತ್ತಿತ್ತು. ಕಲಿಯಲು ಬರುವ ಹೆಣ್ಣುಮಕ್ಕಳು ಅದನ್ನು ನೋಡಿ ತಮ್ಮೊಳಗೇ ಪಿಸುಗುಟ್ಟಿದರು. ಇವಳೊಬ್ಬಳೇ ಅಲ್ಲ, ಪೆಟ್ಟಿಗೆ ಇದ್ದ ಬೇರೆ ಊರುಗಳಲ್ಲೂ ಇಂಥ ಸುದ್ದಿ ಕೇಳಿಬರುತ್ತಿತ್ತು. ಹರಿಹರದಲ್ಲಿ ಒಬ್ಬಾಕೆ ಕೈಚಕ್ರಕ್ಕೆ ದಿನಾ ಕುಂಕುಮ ಹಚ್ಚುತ್ತಾಳಂತೆ. ಬೆಳಗಾವಿಯಲ್ಲಿ ಅಣ್ಣತಮ್ಮಂದಿರು ಅಪ್ಪನ ಕೈ ಯಾರ ಮನೆಯಲ್ಲಿರಬೇಕೆಂದು ಜಗಳಾಡಿ ಮಾತು ಬಿಟ್ಟಿದ್ದಾರಂತೆ.

ಈ ಮೂರು ತಿಂಗಳಲ್ಲಿ ಮನೆಗೆ ಬಾರದವನೆಂದರೆ ಇಮಾಮಸಾಬ ನದಾಫ ಒಬ್ಬನೇ. ಬಳಗದ ಐವರಲ್ಲಿ ಒಬ್ಬ; ಟೂಲ್‌ರೂಮಿನಲ್ಲಿ ಮೌನೇಶನ ಕೈಕೆಳಗೆ ಬಂದು ಸೇರಿ, ಮೂವತ್ತಕ್ಕೂ ಹೆಚ್ಚು ವರ್ಷ ಅವನ ಪಕ್ಕದ ಲೇತಿನಲ್ಲಿ ನಿಂತವನು. ಇಬ್ಬರೂ ನಿವೃತ್ತರಾದ ಮೇಲೂ ದಿನಾ ಮಧ್ಯಾಹ್ನ ಹಳೇ ಹುಬ್ಬಳ್ಳಿಯಿಂದ ಸ್ಕೂಟರಿನಲ್ಲಿ ಬಂದು ಶೆಡ್ಡಿನಲ್ಲಿ ಕೂರುತ್ತಿದ್ದ. ಪ್ರಮೀಳಾ ಇಬ್ಬರಿಗೂ ಚಹಾ ಕಳಿಸುತ್ತಿದ್ದಳು. ಮಣ್ಣು ಮಾಡಿದ ದಿನ ಬಂದವನು ಮತ್ತೆ ಕಾಣಿಸಲಿಲ್ಲ. ಬಳಗದ ಒಂದು ಭಾನುವಾರ ಮಾತ್ರ ಸಿಕ್ಕಿದ್ದ. ಬಡಿಗೇರರ ಕೈಯನ್ನು ನಲವತ್ತು ಐಟಿಐಗಳಿಗೆ ಕಳಿಸುತ್ತೇವೆ, ಮನೆಯವರ ಸಹಿ ಬೇಕು ಎಂದು ಪ್ರೊಫೆಸರ್ ಕೇಳಿದ್ದಾರೆಂದು ಪ್ರಮೀಳಾ ಹೇಳಿದಾಗ ಉಳಿದ ಮೂವರೂ ಹಿಗ್ಗಿದರು. ಇಮಾಮಸಾಬ ನೆಲ ನೋಡುತ್ತ, “ಕೊಡಬ್ಯಾಡ್ರಿ ವೈನಿ,” ಎಂದ. ಯಾಕೆ ಎಂದು ಅವಳು ಕೇಳುವಷ್ಟರಲ್ಲಿ ಎದ್ದು ಹೋದ. ಸತ್ತವನ ಹೆಸರಿಗೂ ಹೊಟ್ಟೆಕಿಚ್ಚೇ ಎಂದು ಅವಳಿಗೆ ಆಗ ಸಿಟ್ಟು ಬಂದಿತ್ತು.

ಸಹಿಗೆಂದು ಅವಳು ಕಾಲೇಜಿಗೆ ಹೋದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಪ್ರಯೋಗಶಾಲೆಯಲ್ಲಿ ಸಾಲಾಗಿ ಹತ್ತು ಕೈಚಕ್ರಗಳು, ಅವುಗಳ ಹಿಂದೆ ಲೇತುಗಳಿರಲಿಲ್ಲ. ಎರಡು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಯಾರ ಕೈಗಳೋ ಏನೋ ಎಂದುಕೊಂಡು ಅವಳು ಸೆರಗು ಬಿಗಿಮಾಡಿಕೊಂಡಳು. ಪ್ರೊಫೆಸರ್ ಗಲಗಲಿಯವರು ಕುರ್ಚಿ ಎಳೆದು ಕೂರಿಸಿ, ಸಹಿಗೆ ಮುಂಚೆ ಒಂದು ತೊಡಕು ಬಂದಿದೆ ಎಂದರು. ಬೆರಳಚ್ಚಿನ ಹಾಗೆ ಪ್ರತಿ ಕೈಗೂ ಒಂದು ಗುರುತಿರುತ್ತದೆ. ಒಬ್ಬರ ಕೈಗೆ ಇನ್ನೊಬ್ಬರ ಹೆಸರು ಬೀಳದಿರಲೆಂದು ಗಣಕದಲ್ಲಿ ಎಲ್ಲ ಕೈಗಳನ್ನೂ ಹೋಲಿಸಿ ನೋಡುತ್ತಾರೆ.

“ಹುಬ್ಬಳ್ಳಿ ಬಳಗದೊಳಗ ಐದು ಪೆಟ್ಟಿಗಿ ಅವ, ಆದರ ನಾಕ ಕೈ ಅದಾವ ಅಂತ ತೋರಸಾಕತ್ತೈತಿ. ಬಡಿಗೇರ ಅವರ ಕೈ, ನದಾಫ ಅವರ ಕೈ, ಎರಡೂ ಒಂದ ಅಂತ,” ಎಂದರು ಅವರು. “ಪೆಟ್ಟಿಗಿ ಅದಲು ಬದಲಾಗಿದ್ವೇನ್ರಿ?”

ಆಗಿಲ್ಲ ಎಂದಳು ಪ್ರಮೀಳಾ. ಹಾಗಾದರೆ ನಮ್ಮ ಲೆಕ್ಕಾಚಾರದಲ್ಲೇ ಏನೋ ತಪ್ಪಿರಬೇಕು, ಬಡಿಗೇರರು ಇದ್ದಾಗ ಎರಡೂ ಮನೆಯ ಪೆಟ್ಟಿಗೆ ಕೈಯನ್ನು ಅಳೆದುಕೊಂಡ ದಿನ ಮತ್ತು ಹೊತ್ತು ಇದರಲ್ಲಿದೆ, ನೆನಪಿಗೆ ಏನಾದರೂ ಬಂದರೆ ತಿಳಿಸಿ ಎಂದು ಅವರು ಒಂದು ಕಾಗದದ ಕಟ್ಟು ಕೊಟ್ಟು ಕಳಿಸಿದರು.

ಊಟದ ಹೊತ್ತಿಗೆ ಮನೆಗೆ ಬಂದು, ಹೊಲಿಗೆಯ ಮೇಜಿನ ಮೇಲೆ ಕಾಗದಗಳನ್ನು ಹರವಿಕೊಂಡಳು. ನದಾಫನ ಮನೆಯ ಪೆಟ್ಟಿಗೆ ಬೆಳಿಗ್ಗೆ ಮಾತ್ರ ನಡೆದಿತ್ತು, ಇವರ ಮನೆಯದು ಮಧ್ಯಾಹ್ನ ಮಾತ್ರ. ಎರಡೂ ಒಂದೇ ಹೊತ್ತಿಗೆ ನಡೆದದ್ದು ಒಮ್ಮೆಯೂ ಇರಲಿಲ್ಲ. ಪ್ರತಿ ಶುಕ್ರವಾರ ಇವರ ಮನೆಯದು ಮೂರು ಗಂಟೆಗೆ ಮುಂಚೆ ಶುರುವಾಗಿರಲಿಲ್ಲ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬರುವವನು ಯಾರೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಹೋದ ವರ್ಷದ ರಮಜಾನಿನ ಹಬ್ಬದ ಸುತ್ತಿನ ನಾಲ್ಕು ದಿನ ಇವರ ಮನೆಯ ಪೆಟ್ಟಿಗೆ ನಡೆದೇ ಇರಲಿಲ್ಲ. ಆ ನಾಲ್ಕು ದಿನ ಮೌನೇಶ ಮನೆಯಲ್ಲೇ ಇದ್ದ. ಶೆಡ್ಡಿನ ಬಾಗಿಲು ಹಾಕಿಕೊಂಡು ಕೂತಿದ್ದ.

ಅವನ ಬಲಗೈ ನಡುಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಎರಡೂವರೆ ವರ್ಷದಿಂದ ಅವನು ಅರ್ಧ ಲೋಟ ಚಹಾ ಮಾತ್ರ ಕುಡಿಯುತ್ತಿದ್ದ, ಅಂಗಿಯ ಗುಂಡಿ ಇವಳು ಹಾಕಬೇಕಿತ್ತು. ಬಳಗದವರಿಗೆ ಹೇಳಬೇಡ ಎಂದಿದ್ದ. ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಲೇತ್ ಮುಟ್ಟಿದರೆ ನಡುಕ ತಾನಾಗೇ ನಿಲ್ಲುತ್ತದೆ ಎಂದಿದ್ದ. ಅವಳು ನಂಬಿದ್ದಳು. ನಂಬಿ ಸಂತೋಷವನ್ನೂ ಪಟ್ಟಿದ್ದಳು.

ಮೂರು ತಿಂಗಳು ತಾನು ಹಿಡಿದು ಕೂತದ್ದು ಯಾರ ಕೈ? ಮಗುವಿನ ಹೆಸರು ಹೇಳಿದ್ದು ಯಾರಿಗೆ? ಕೆನ್ನೆ ಇಟ್ಟದ್ದು ಎಲ್ಲಿಗೆ? ಅವಳು ಬಚ್ಚಲಿಗೆ ಹೋಗಿ ಅಂಗೈ ತೊಳೆದಳು. ಬಂದು ಕೂತು, ಎದ್ದು ಹೋಗಿ ಮತ್ತೆ ತೊಳೆದಳು. ಅಂಗೈಗೆ ಮಾತ್ರ ತೊಳೆದದ್ದು ತಿಳಿಯಲಿಲ್ಲ. ಅದು ಮಡಿಲಲ್ಲಿ ಬಿದ್ದುಕೊಂಡು ಕಾಲು ಸುತ್ತು ಮುಂದೆ, ಕೂದಲೆಳೆ ಹಿಂದೆ ಹೋಗುತ್ತಲೇ ಇತ್ತು.

ಒಂದು ವಾರ ಶೆಡ್ಡಿಗೆ ಬೀಗ ಹಾಕಿದಳು. ಎಂಟನೆಯ ದಿನ ಇಮಾಮಸಾಬನಿಗೆ ಫೋನು ಮಾಡಿ, ಚಹಾಕ್ಕೆ ಬರಬೇಕು ಎಂದಷ್ಟೇ ಹೇಳಿದಳು. ಅವನು ಬಂದ. ತೆಳ್ಳಗಿನ ಉದ್ದ ಮನುಷ್ಯ, ಇನ್ನಷ್ಟು ಬಾಗಿದ್ದ. ಶೆಡ್ಡಿನ ಬೀಗ ತೆಗೆದದ್ದು ಕಂಡು ಹೊಸ್ತಿಲಲ್ಲೇ ನಿಂತ. ಒಳಗೆ ಬನ್ನಿ ಎಂದಳು. ಕಾಗದದ ಕಟ್ಟನ್ನು ಲೇತಿನ ಮೇಲಿಟ್ಟು, ಶುಕ್ರವಾರಗಳ ಮೇಲೆ ಬೆರಳಿಟ್ಟು ತೋರಿಸಿದಳು.

ಅವನು ಬಹಳ ಹೊತ್ತು ಓದಿದ. ಆಮೇಲೆ ಹೇಳಿದ. ಪೆಟ್ಟಿಗೆ ಕೂರಿಸಿದ ಮೊದಲ ನಲವತ್ತು ದಿನ ಮೌನೇಶ ಒಬ್ಬನೇ ಮಾಡಿ ನೋಡಿದ್ದ. ಸಿಲಿಂಡರಿಗೆಂದು ತಂದ ಎರಡು ಎರಕಗಳು ಹಾಳಾದವು. ಮೂರನೆಯದು ಬಿಗಿದ ದಿನ ಇಮಾಮಸಾಬ ಹಿಂದಿನಿಂದ ಬಂದು ನೋಡಿದ. ಮೌನೇಶ ಲೇತ್ ನಿಲ್ಲಿಸದೆ, ತಿರುಗದೆ, ಹಿಡಿಯೋ ಎಂದ. ಅಷ್ಟೇ. ಅಂದಿನಿಂದ ಚಕ್ರದ ಮೇಲೆ ಮೌನೇಶನ ಕೈ, ಅದರ ಮೇಲೆ ಇವನ ಕೈ. ನಡುಕ ಹೊರಗೆ ಬರದಂತೆ ಒತ್ತಿ ಹಿಡಿದು ತಾನೇ ತಿರುಗಿಸುತ್ತಿದ್ದ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ.

“ಒಮ್ಮೆರ ನನಗ ಹೇಳಬೇಕಿತ್ತಲ್ಲ,” ಎಂದಳು ಪ್ರಮೀಳಾ.

“ಹೇಳಾಕ ಬಂದಿದ್ದೆ ವೈನಿ. ತಿಂಗಳಾದ ಮ್ಯಾಲ ಬಂದೆ. ಗೇಟಿನ ಹಂತೇಕ ನಿಂತಾಗ ಲೇತಿನ ಸಪ್ಪಳ ಕೇಳಿಸ್ತು. ನೀವು ಒಳಗ ಏನ ಹಿಡಕೊಂಡ ಕುಂತೀರಿ ಅನ್ನೂದು ತಿಳೀತು. ನನ್ನ ಕಾಲು ಮುಂದ ಬರಲಿಲ್ಲ.” ಅವನು ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿ ಹಿಡಿದುಕೊಂಡಿದ್ದ. ಆಮೇಲೆ ಮೆಲ್ಲಗೆ, “ಈ ಕೈ ಅಂವಂದ ಅಂತ ತಿಳೀರಿ. ನಾ ಕೆಲಸಕ್ಕ ಸೇರಿದಾಗ ನನ್ನ ಕೈ ಹಿಡದ ತಿರುಗಿಸಿ ಕಲಿಸಿದಾಂವ ಅಂವಾ. ನನ್ನದು ಅಂತ ಇದರಾಗ ಏನೂ ಇಲ್ಲ,” ಎಂದ.

ಗಣಕಕ್ಕೆ ಇಬ್ಬರ ಕೈಯೂ ಒಂದೇ ಎನ್ನಿಸಿದ್ದರಲ್ಲಿ ಇದೂ ಸ್ವಲ್ಪ ನಿಜವಿದ್ದಿರಬಹುದು. ಆದರೆ ಪ್ರಮೀಳಾ ಆ ಸಮಾಧಾನವನ್ನು ತೆಗೆದುಕೊಳ್ಳಲಿಲ್ಲ.

“ಕಲಿಸಿದ್ದು ಬ್ಯಾರೆ, ಹಿಡಿದದ್ದು ಬ್ಯಾರೆ,” ಎಂದಳು. “ನೀವು ಮಾತು ಕೊಟ್ಟೀರಿ. ನಾ ಕೊಟ್ಟಿಲ್ಲ.”

ಮರುದಿನ ಕಾಲೇಜಿಗೆ ಹೋಗಿ ಪ್ರೊಫೆಸರಿಗೆ ಎಲ್ಲವನ್ನೂ ಹೇಳಿದಳು. ಆ ಕೈಗೆ ಇಮಾಮಸಾಬ ನದಾಫ ಎಂದು ಹೆಸರು ಹಾಕಿ, ಅದಕ್ಕೆ ಸಹಿ ಅವರದೇ ಆಗಬೇಕು ಎಂದಳು. ಹೇಳುವಾಗ ಗಂಡನ ಮಾನವನ್ನು ನಡುಬೀದಿಯಲ್ಲಿ ಬಿಚ್ಚಿಟ್ಟ ಹಾಗೆ ಎನ್ನಿಸಿತು. ಗಲಗಲಿಯವರು ನೀರು ಕೊಟ್ಟರು. ಮೊದಲ ನಲವತ್ತು ದಿನ ಎಂದಿರಲ್ಲ ಎಂದು ಗಣಕದಲ್ಲಿ ಏನನ್ನೋ ಹುಡುಕತೊಡಗಿದರು. ಆ ದಿನಗಳದ್ದನ್ನು ಅವರ ಹುಡುಗರು ಬಳೆ ಕೆಟ್ಟಿದೆ ಎಂದು ತಿಳಿದು, ಕೆಲಸಕ್ಕೆ ಬಾರದ್ದರ ಪಾಲಿಗೆ ಸೇರಿಸಿಬಿಟ್ಟಿದ್ದರು. ಸೆಕೆಂಡಿಗೆ ಐದು ಸಲ ಅಲುಗುವುದು ಮನುಷ್ಯನ ಕೈ ಎಂದು ಯಾರಿಗೂ ಹೊಳೆದಿರಲಿಲ್ಲ. ಅಂಥವನ್ನು ವರ್ಷಕ್ಕೊಮ್ಮೆ ಅಳಿಸುತ್ತಾರೆ. ಹೆಚ್ಚಿನದು ಹೋಗಿತ್ತು. ಒಂದೇ ಒಂದು ದಿನದ್ದು ಉಳಿದಿತ್ತು. ಹತ್ತೊಂಬತ್ತು ನಿಮಿಷ.

“ಕಲಿಯಾಕ ಇದರಿಂದ ಏನೂ ಉಪಯೋಗ ಇಲ್ರಿ,” ಎಂದರು ಪ್ರೊಫೆಸರ್.

“ನಾ ಕಲಿಯಾಕ ಕೇಳಾಕತ್ತಿಲ್ಲ,” ಎಂದಳು ಪ್ರಮೀಳಾ.

ಸುದ್ದಿ ಬಳಗಕ್ಕೆ ಮುಟ್ಟಿತು. ಆ ಭಾನುವಾರ ಟೂಲು, ಎಣ್ಣೆಯ ಮಾತು ಯಾರೂ ಎತ್ತಲಿಲ್ಲವಂತೆ. ಒಬ್ಬರು ಇದು ಮೋಸ ಎಂದರಂತೆ, ಇನ್ನೊಬ್ಬರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಕೂತರಂತೆ. ಎಂಜಿನ್ನಿನ ಸಿಲಿಂಡರಿನ ಮೇಲೆ ಯಾರ ಹೆಸರು ಕೊರೆಯಬೇಕೆಂಬುದು ತೀರ್ಮಾನವಾಗದೆ ಉಳಿಯಿತು.

ಬುಧವಾರ ಮಧ್ಯಾಹ್ನ ಪ್ರಮೀಳಾ ಇಮಾಮಸಾಬನನ್ನು ಮತ್ತೆ ಕರೆಸಿದಳು. ಈ ಸಲ ಅವನು ಹೊಸ್ತಿಲಲ್ಲಿ ನಿಲ್ಲಲಿಲ್ಲ. ಚಕ್ಕಿನಲ್ಲಿ ಏನೂ ಬಿಗಿದಿರಲಿಲ್ಲ, ಲೇತ್ ಸುಮ್ಮನಿತ್ತು. ಆ ಹತ್ತೊಂಬತ್ತು ನಿಮಿಷವನ್ನು ಕಾಲೇಜಿನವರು ಪೆಟ್ಟಿಗೆಗೆ ತುಂಬಿ ಕೊಟ್ಟಿದ್ದರು. ಅವಳು ಗುಂಡಿ ಒತ್ತಿದಳು.

ಮೊದಲು ಸದ್ದು ಕೇಳಿತು. ಕೈಚಕ್ರ ತನ್ನ ಗೂಟದಲ್ಲಿ ಹಲ್ಲು ಕಡಿದ ಹಾಗೆ ಕಟಕಟನೆ ಅಲುಗಿತು. ಆಮೇಲೆ ಅಲುಗುತ್ತಲೇ ಒಂದಿಷ್ಟು ಮುಂದೆ ಹೋಯಿತು, ಗುರಿ ದಾಟಿತು, ಹಿಂದೆ ಬಂತು, ಮತ್ತೆ ದಾಟಿತು. ಪ್ರಮೀಳಾ ಅಂಗೈ ಇಟ್ಟಳು. ಗಂಡನ ಅಂಗಿಯ ಗುಂಡಿ ಹಾಕುವಾಗ ತನ್ನ ಬೆರಳುಗಳಿಗೆ ಒಳಗಿನಿಂದ ಬರುತ್ತಿದ್ದ ಅದೇ ನಡುಕ. ಇದು ಯಾರ ಕೈಯೆಂದು ತಿಳಿಯಲು ಅವಳಿಗೆ ಗಣಕ ಬೇಕಾಗಿರಲಿಲ್ಲ. ಮೌನೇಶ ಹೆದರಿದ್ದ. ಒಮ್ಮೆ ಬಿಗಿದು, ಒಮ್ಮೆ ಬಿಟ್ಟು, ಯಾರೂ ಇಲ್ಲದ ಶೆಡ್ಡಿನಲ್ಲಿ ತನ್ನ ಕೈಯೊಡನೆ ತಾನೇ ಹೋರಾಡುತ್ತಿದ್ದ. ಆ ಹೊತ್ತಿನಲ್ಲಿ ಅವಳು ಹತ್ತು ಹೆಜ್ಜೆ ಆಚೆ, ಮುಂದಿನ ಕೋಣೆಯಲ್ಲಿ ಯಾರಿಗೋ ಕಾಜಾ ಹೊಲಿಯುವುದನ್ನು ಕಲಿಸುತ್ತಿದ್ದಿರಬೇಕು.

ಒಂಬತ್ತು ಹತ್ತು ನಿಮಿಷ ಕಳೆದ ಮೇಲೆ ಅವಳು ಕೈ ತೆಗೆದು ಪಕ್ಕಕ್ಕೆ ಸರಿದಳು. ಇಮಾಮಸಾಬನಿಗೆ ಕಣ್ಣಿನಲ್ಲೇ ತೋರಿಸಿದಳು. ಅವನು ಮುಂದೆ ಬಂದು ಚಕ್ರದ ಮೇಲೆ ಕೈಯಿಟ್ಟ. ಇಟ್ಟದ್ದೇ ತಡ, ಅವನ ಬೆರಳುಗಳು ತಾವಾಗಿಯೇ ಬಿಗಿದವು, ಮಣಿಕಟ್ಟಿನ ನರ ಉಬ್ಬಿತು, ಚಕ್ರದ ಕಟಕಟ ನಿಂತಿತು. ಶೆಡ್ಡಿನಲ್ಲಿ ಸದ್ದೇ ಇಲ್ಲದಂತಾಯಿತು.

“ಒತ್ತಬ್ಯಾಡ್ರಿ ಅಣ್ಣಾ,” ಎಂದಳು ಪ್ರಮೀಳಾ. “ನಡುಗಲಿ ಬಿಡ್ರಿ.”

ಅವನಿಗೆ ಅದು ಸುಲಭವಾಗಿರಲಿಲ್ಲ. ಒಂದೊಂದೇ ಬೆರಳು ಸಡಿಲಿಸಿದ. ಮೆಲ್ಲಗೆ ಮೊದಲು ಚಕ್ರ, ಆಮೇಲೆ ಅವನ ಅಂಗೈ, ಆಮೇಲೆ ಮೊಳಕೈವರೆಗೆ ತೋಳು ಅಲುಗತೊಡಗಿತು. ಅವನು ಮುಖ ಆಚೆ ತಿರುಗಿಸಿಕೊಂಡ. ಉಳಿದ ನಿಮಿಷಗಳು ಮುಗಿಯುವವರೆಗೂ ಕೈ ಮಾತ್ರ ತೆಗೆಯಲಿಲ್ಲ.